ನಾನು ಅಳಿಸಿದ ಕೊಟ್ಟಿಗೆ

ಹೆಬ್ಬಾಳದ ಸಣ್ಣ ಕಂಪನಿಯೊಂದರಲ್ಲಿ ನಾನು ಹನ್ನೆರಡು ವರ್ಷಗಳಿಂದ ಪ್ರೋಗ್ರಾಮ್ ಬರೆಯುವ ಕೆಲಸ ಮಾಡುತ್ತಿದ್ದೇನೆ. ಕ್ಲಿನಿಕ್, ಶಾಲೆ, ಕಲ್ಯಾಣ ಮಂಟಪ ಇಂಥವಕ್ಕೆ ಬೇಕಾದ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ಮನೆ ಬ್ಯಾಟರಾಯನಪುರ. ಅದು ಹಳ್ಳಿಯಾಗಿದ್ದಾಗಿನಿಂದಲೂ ನಮ್ಮವರು ಅಲ್ಲೇ ಇದ್ದಾರೆ. ಅಜ್ಜ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಅದು ನಮ್ಮದಲ್ಲ. ನಮ್ಮದು ಅದರ ಹಿಂದಿನ ಮನೆ.

ಕಂಪನಿಯಲ್ಲಿ ನಾವು ಒಂದು ಟೂಲ್ ಬಳಸುತ್ತೇವೆ. ಅದು ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮ್. ಹೆಸರು, ಊರು, ಹುಟ್ಟಿದ ದಿನ, ಇಷ್ಟು ವಿವರ ಬೇಕು ಎಂದು ಒಂದು ಫೈಲಿನಲ್ಲಿ ಪಟ್ಟಿ ಮಾಡಿ ಕೊಟ್ಟರೆ ಸಾಕು. ಆ ವಿವರ ತುಂಬುವ ಪರದೆ, ಹುಡುಕುವ ಪರದೆ, ಪ್ರಿಂಟ್ ತೆಗೆಯುವ ಭಾಗ, ಎಲ್ಲದರ ಕೋಡನ್ನೂ ತಾನೇ ಬರೆದುಕೊಡುತ್ತದೆ. ಈಗ ಎಲ್ಲರ ಬಾಯಲ್ಲೂ ಇರುವ ಎಐ ಅಲ್ಲ ಇದು. ಚಕ್ಕುಲಿ ಒರಳಿನ ಹಾಗೆ, ಯಾವ ಬಿಲ್ಲೆ ಹಾಕಿದ್ದೀರೋ ಅದೇ ಆಕಾರ ಬರುತ್ತದೆ. ಓಪನ್ ಸೋರ್ಸ್ ಆದ್ದರಿಂದ ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಆ ತಿದ್ದುಪಡಿ ಸೇರಬೇಕೋ ಬೇಡವೋ ಎಂದು ನಿರ್ಧರಿಸುವವರು ಅದನ್ನು ಮೊದಲು ಬರೆದ ವ್ಯಕ್ತಿ. ಅವರು ಯುರೋಪಿನ ಒಂದು ಸಣ್ಣ ಊರಿನವರು. ಇಷ್ಟು ವರ್ಷವಾದರೂ ನಾನು ಅವರ ಮುಖ ನೋಡಿಲ್ಲ. ಬೆಳಗ್ಗೆ ನಾನು ಕಂಪ್ಯೂಟರ್ ಮುಂದೆ ಕೂತಾಗಲೆಲ್ಲ ನನ್ನ ಗಂಡ, "ಏನಂತಾರೆ ನಿಮ್ಮ ಯಜಮಾನ್ರು?" ಎಂದು ಕೇಳುತ್ತಿದ್ದ. ಹಾಗಾಗಿ ಮನೆಯಲ್ಲಿ ಅವರಿಗೆ ಯಜಮಾನರು ಎಂದೇ ಹೆಸರಾಯಿತು.

ನಾನು ಈ ಟೂಲಿನ ಒಳಕ್ಕೆ ಕೈಹಾಕಿದ್ದು ಆರ್.ಟಿ. ನಗರದ ಒಂದು ಕಣ್ಣಿನ ಕ್ಲಿನಿಕ್‌ನ ದೆಸೆಯಿಂದ. ಅಲ್ಲಿ ನಾವು ಮಾಡಿಕೊಟ್ಟಿದ್ದ ಪ್ರೋಗ್ರಾಮ್ ರೋಗಿಗಳಿಗೆ ಟೋಕನ್ ಚೀಟಿ ಕೊಡುತ್ತಿತ್ತು. ಚೀಟಿಯ ಮೇಲೆ ನಂಬರಿನ ಪಕ್ಕ ಹೆಸರಿನ ಮೊದಲಕ್ಷರ ಬರಬೇಕು. ಒಂದು ದಿನ ಅಲ್ಲಿನ ರಿಸೆಪ್ಷನಿಸ್ಟ್ ಫೋನ್ ಮಾಡಿದಳು.

"ಮೇಡಂ, ಶ್ರೀ ಅಂತ ಶುರುವಾಗೋ ಹೆಸ್ರೆಲ್ಲ ಬರೀ ಶ ಅಂತ ಬರ್ತಿದೆ. ಪೇಷೆಂಟ್ಸ್ ನನ್ನ ಬೈತಿದಾರೆ. ಒಬ್ರು ಅಜ್ಜಿ, ನಮ್ಮಪ್ಪ ಇಟ್ಟಿರೋ ಶ್ರೀನ ತೆಗಿಯೋಕೆ ನೀನ್ಯಾರೇ ಅಂದ್ರು."

ಕಾರಣ ಸರಳ. ನಮ್ಮ ಕಣ್ಣಿಗೆ ಶ್ರೀ ಒಂದು ಅಕ್ಷರ. ಕಂಪ್ಯೂಟರ್ ಅದನ್ನು ನಾಲ್ಕು ತುಂಡಾಗಿ ಇಟ್ಟುಕೊಂಡಿರುತ್ತದೆ: ಶ, ಅದಕ್ಕೆ ಒತ್ತು ಕೂಡಿಸುವ ಚಿಹ್ನೆ, ರ, ಕೊನೆಗೆ ಈಕಾರದ ಚಿಹ್ನೆ. ಮೊದಲ ತುಂಡು ತೆಗೆದುಕೊಂಡರೆ ಅದೇ ಮೊದಲಕ್ಷರ ಎಂದು ಟೂಲ್ ತಿಳಿದಿತ್ತು. ಇಂಗ್ಲಿಷಿನಲ್ಲಿ ಅದು ಸರಿ. ನಾನು ಆ ಕ್ಲಿನಿಕ್‌ನ ಕೋಡಿನಲ್ಲಿ ಸರಿಪಡಿಸಿದೆ. ಆದರೆ ನಾನು ತಿದ್ದಿದ್ದು ಟೂಲ್ ತಾನೇ ಬರೆಯುವ ಭಾಗವನ್ನು. ಯಾವುದೋ ಬೇರೆ ಬದಲಾವಣೆಗಾಗಿ ಮತ್ತೆ ಟೂಲ್ ಓಡಿಸಿದಾಗ ನನ್ನ ತಿದ್ದುಪಡಿ ಅಳಿಸಿಹೋಗಿ ಶ ಮತ್ತೆ ಬಂತು. ಮೂರನೇ ಸಲ ಆ ಹುಡುಗಿ ಫೋನ್ ಮಾಡಿದಾಗ, ತಿದ್ದಬೇಕಾದದ್ದು ಟೂಲನ್ನೇ ಎಂದು ಗೊತ್ತಾಯಿತು. ಕಂಪನಿಯಲ್ಲಿ ನನಗಿಂತ ಮೇಲಿದ್ದವರು, "ಮಾಡ್ಕೊಳ್ಳಿ, ಬೇಡ ಅನ್ನಲ್ಲ. ಆಫೀಸ್ ಟೈಮಲ್ಲಿ ಬೇಡ ಅಷ್ಟೇ" ಎಂದರು. ಬೆಳಗ್ಗೆ ಐದೂವರೆಯಿಂದ ಆರೂಮುಕ್ಕಾಲರವರೆಗೆ ಮನೆಯಲ್ಲಿ ನನ್ನನ್ನು ಯಾರೂ ಕೂಗುವುದಿಲ್ಲ. ಆ ಹೊತ್ತನ್ನು ಇದಕ್ಕೆ ಇಟ್ಟುಕೊಂಡೆ.

ಬರೆದದ್ದು ಹದಿನಾಲ್ಕು ಸಾಲು. ಕಳಿಸಿದೆ. ಎರಡು ದಿನದ ಮೇಲೆ ಯಜಮಾನರ ಉತ್ತರ ಬಂತು: ಸಂತೋಷ, ಆದರೆ ನನಗೆ ಈ ಲಿಪಿ ಓದಲು ಬಾರದು, ಇದು ಸರಿಯಾಗಿದೆ ಎಂದು ನಾನು ತಿಳಿಯುವುದು ಹೇಗೆ? ನ್ಯಾಯವಾದ ಪ್ರಶ್ನೆ. ಪದಗಳ ಒಂದು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮೊದಲಕ್ಷರ ಯಾವುದು ಎಂದು ನಾನೇ ಬರೆದು, ಟೂಲಿನ ಉತ್ತರದೊಂದಿಗೆ ಹೋಲಿಸುವ ಪರೀಕ್ಷೆ ಕಟ್ಟಬೇಕಾಯಿತು. ಪದಗಳಿಗೆ ನಿಘಂಟು ಹುಡುಕಲಿಲ್ಲ. ಬಸ್ಸಿನಲ್ಲಿ ಹೋಗುತ್ತ ಬೋರ್ಡುಗಳನ್ನು ಬರೆದುಕೊಂಡೆ. ಸ್ಟೋರ್ಸ್, ಜ್ಯೂಸ್, ಕ್ಷೌರ, ಕ್ಲಿನಿಕ್, ಸ್ತ್ರೀಶಕ್ತಿ ಸಂಘ. ಒಂದು ಟ್ಯೂಷನ್ ಸೆಂಟರಿನ ಮೇಲಿದ್ದ ರ‍್ಯಾಂಕ್ ಎಂಬ ಪದ ನನ್ನನ್ನು ನಾಲ್ಕು ದಿನ ಕಾಡಿತು. ಅದರ ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ ಇರುತ್ತದೆ, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅದನ್ನೂ ಸರಿಪಡಿಸಿ ಕಳಿಸಿದ ಮೇಲೆ ನನ್ನ ಬದಲಾವಣೆ ಸೇರಿತು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಉದ್ದದ ಹೆಸರು ಕತ್ತರಿಸುವಾಗ ಒತ್ತಕ್ಷರದ ನಡುವೆ ಕೊಯ್ಯುವುದು, ಪಟ್ಟಿಯಲ್ಲಿ ಳ ಎಲ್ಲಿ ಬರಬೇಕು ಎಂಬುದು, ಟೂಲ್ ತೋರಿಸುವ ಸಂದೇಶಗಳ ಕನ್ನಡ ರೂಪ, ಒಂದಾದ ಮೇಲೊಂದು ಮಾಡುತ್ತ ಹೋದೆ. ಎರಡು ವರ್ಷದ ಮೇಲೆ ಯಜಮಾನರು ನನಗೇ ಬಾಗಿಲ ಕೀಲಿ ಕೊಟ್ಟರು. ಅಂದರೆ ಭಾಷೆಗೆ ಸಂಬಂಧಿಸಿದ ಬದಲಾವಣೆಗಳನ್ನು ಇನ್ನು ಮುಂದೆ ಅವರನ್ನು ಕೇಳದೆ ನಾನೇ ಸೇರಿಸಬಹುದು. ಆ ದಿನ ಹೆಮ್ಮೆಪಟ್ಟೆ. ಗಂಡನಿಗೆ ಹೇಳಿದೆ. ಅವನು, "ಹಂಗಾದ್ರೆ ಈಗ ನೀನೇ ಯಜಮಾನಿ" ಎಂದ.

ತಪ್ಪು ನಡೆದದ್ದು ಆ ಕೀಲಿ ಸಿಕ್ಕಿದ ಐದಾರು ತಿಂಗಳಿಗೆ.

ಟೂಲ್ ಬರೆದ ಕೋಡಿನ ನಡುವೆ ಬಳಸುವವರು ತಮ್ಮದೇ ನಾಲ್ಕು ಸಾಲು ಸೇರಿಸಬೇಕಾಗುತ್ತದೆ. ಅದಕ್ಕಾಗಿ ಒಂದು ಏರ್ಪಾಡಿದೆ. ಇಲ್ಲಿಂದ ಇಲ್ಲಿಯವರೆಗೆ ನನ್ನ ಕೈಬರಹ ಎಂದು ಗುರುತು ಹಾಕಿ, ಆ ಗುರುತಿಗೊಂದು ಹೆಸರು ಕೊಡಬೇಕು. ಮತ್ತೆ ಟೂಲ್ ಓಡಿಸಿದಾಗ ಅದು ಹಳೆಯ ಫೈಲಿನಿಂದ ಆ ಹೆಸರಿನ ಭಾಗಗಳನ್ನು ಎತ್ತಿಟ್ಟುಕೊಂಡು, ಹೊಸ ಕೋಡು ಬರೆದು, ಅವನ್ನು ಅದದೇ ಜಾಗಕ್ಕೆ ವಾಪಸು ಸೇರಿಸುತ್ತದೆ. ನಾನು ಆ ಹೆಸರುಗಳನ್ನು ಕನ್ನಡದಲ್ಲೂ ಕೊಡುವ ಹಾಗೆ ಮೊದಲೇ ಮಾಡಿದ್ದೆ. ಆದರೆ ಅದರಲ್ಲೊಂದು ತೊಡಕಿತ್ತು. ಕೊ ಎಂಬ ಅಕ್ಷರವನ್ನು ಕಂಪ್ಯೂಟರಿನಲ್ಲಿ ಎರಡು ರೀತಿ ಇಡಬಹುದು. ಒಕಾರದ ಚಿಹ್ನೆ ಒಂದೇ ತುಂಡಾಗಿ ಇರಬಹುದು. ಇಲ್ಲವೇ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎರಡನ್ನು ಕೂಡಿಸಿ ಇಟ್ಟಿರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎಲ್ಲವನ್ನೂ ಒಂದೇ ರೀತಿಗೆ ತರೋಣ ಎಂದು ಒಂದು ಬದಲಾವಣೆ ಬರೆದೆ. ಹೊಸ ಫೈಲ್ ಬರೆಯುವ ಕಡೆ ಅದನ್ನು ಹಾಕಿದೆ. ಹಳೆಯ ಫೈಲ್ ಓದುವ ಕಡೆ ಹಾಕುವುದನ್ನು ಮರೆತೆ. ನನ್ನ ಪರೀಕ್ಷೆಗಳೆಲ್ಲ ಪಾಸಾದವು. ಆ ಪದಗಳನ್ನೆಲ್ಲ ಟೈಪ್ ಮಾಡಿದ್ದು ನಾನೇ, ನನ್ನದೇ ಕೀಬೋರ್ಡಿನಲ್ಲಿ. ಅವೆಲ್ಲ ಒಂದೇ ತುಂಡಿನ ರೀತಿಯವು. ಯಾರಿಗೂ ತೋರಿಸದೆ ನಾನೇ ಸೇರಿಸಿದೆ. ಹೊಸ ಆವೃತ್ತಿ ಬಿಡುಗಡೆಯಾಯಿತು.

ಮೂರನೇ ವಾರ, ಒಂದು ಗುರುವಾರ ಬೆಳಗ್ಗೆ, ಯಜಮಾನರ ಒಂದು ಸಾಲು ಬಂದಿತ್ತು. "ಇದು ನಿಮಗೆ ಬಂದದ್ದು ಅನ್ನಿಸುತ್ತದೆ. ಭಾಷಾಂತರ ಮಾಡಿ ನೋಡಿದೆ. ಈ ಮನುಷ್ಯರ ಹಸುಗಳು ಕಳೆದುಹೋಗಿವೆಯೆ?" ಕೆಳಗೆ ಟೂಲಿನ ದೂರುಪುಟದ ಕೊಂಡಿ. ತೆರೆದು ನೋಡಿದರೆ, ಆ ಪುಟದಲ್ಲಿ ಮೊಟ್ಟಮೊದಲ ಸಲ ಒಂದು ದೂರು ಕನ್ನಡದಲ್ಲಿತ್ತು.

"ಮಾನ್ಯರೆ, ಹೊಸ ಆವೃತ್ತಿ ಹಾಕಿಕೊಂಡ ಮೇಲೆ ನಾನು ಕೈಯಿಂದ ಬರೆದ ಭಾಗಗಳು ಯಾವುವೂ ಇಲ್ಲ. ಗುರುತುಗಳು ಇವೆ, ನಡುವೆ ಖಾಲಿ ಇದೆ. ಏಳು ತಿಂಗಳ ಬರವಣಿಗೆ. ನನ್ನ ಹಸುಗಳ ವಂಶಾವಳಿ ಹೋಯಿತು. ನಾನು ಬರೆದದ್ದು ಎಲ್ಲಿ ಹೋಯಿತು ಎಂದು ತಿಳಿಸಬೇಕಾಗಿ ವಿನಂತಿ." ಕೆಳಗೆ ಅವರ ಫೋನ್ ನಂಬರ್. ಗುರುತುಗಳ ಹೆಸರನ್ನೂ ಬರೆದಿದ್ದರು: ಕೊಟ್ಟಿಗೆ-೧, ಕೊಟ್ಟಿಗೆ-೨, ಹೀಗೆ ಒಂಬತ್ತರವರೆಗೆ.

ಕೊಟ್ಟಿಗೆ ಎಂಬ ಪದ ಓದಿದ ಕೂಡಲೇ ಏನಾಗಿದೆ ಎಂದು ಗೊತ್ತಾಯಿತು. ಅವರು ಹಳೆಯ ಯಾವುದೋ ಕೀಬೋರ್ಡ್ ಬಳಸಿದ್ದರು. ಅವರ ಕೊ ಎರಡು ತುಂಡಿನದು. ಹೊಸ ಹೆಸರು ಹಳೆಯದರ ಜೊತೆ ಹೊಂದದೆ, ಟೂಲ್ ಆ ಭಾಗಗಳನ್ನು ಬೇಡದ್ದೆಂದು ತಿಳಿದು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಇಂಗ್ಲಿಷಿನಲ್ಲಿ ಗುರುತು ಹಾಕಿದ ಯಾರಿಗೂ ಏನೂ ಆಗಿರಲಿಲ್ಲ. ಕನ್ನಡದವರಿಗೆ ಅನುಕೂಲವಾಗಲಿ ಎಂದು ನಾನು ಮಾಡಿದ್ದು ಕನ್ನಡದಲ್ಲಿ ಬರೆದವರದ್ದನ್ನೇ ಅಳಿಸಿತ್ತು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿದ್ದೂ ನನಗೆ ತಿಳಿಯಲಿಲ್ಲ.

ತಿದ್ದುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ, ಹನ್ನೊಂದು ಗಂಟೆಗೆ ಸರಿಪಡಿಸಿದ ಆವೃತ್ತಿ ಬಿಟ್ಟೆ. ಜೊತೆಗೆ ಒಂದು ಟಿಪ್ಪಣಿ ಹಾಕಿದೆ: "ಕೆಲವು ಅಪರೂಪದ ಸಂದರ್ಭಗಳಲ್ಲಿ ಕೈಬರಹದ ಭಾಗಗಳು ಉಳಿಯದೆ ಇರುವ ಸಾಧ್ಯತೆ ಇತ್ತು. ಅದನ್ನು ಸರಿಪಡಿಸಲಾಗಿದೆ." ಆಮೇಲೆ ಫೋನ್ ಮಾಡಿದೆ.

ವಯಸ್ಸಾದವರ ದನಿ. ನಾನು ಯಾರು, ಯಾಕೆ ಫೋನ್ ಮಾಡಿದ್ದೇನೆ ಎಂದು ಹೇಳಿದೆ.

"ಓ, ಕಂಪನಿಯೋರಾ? ಯಾವ್ ದೇಶದಿಂದ ಮಾತಾಡ್ತಾ ಇದೀರಿ ಮೇಡಮ್ಮೋರೆ?"

"ಬ್ಯಾಟರಾಯನಪುರ ಸರ್."

"ನಮ್ ಬ್ಯಾಟರಾಯನಪುರನಾ? ನಾನು ಬಾಗಲಗುಂಟೆ ಕಣಮ್ಮ."

ಬೇರೆ ಎಲ್ಲಾದರೂ ಕಾಪಿ ಇಟ್ಟಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಯಾರಾದರೂ ಕಂಪ್ಯೂಟರ್ ಗೊತ್ತಿದ್ದವರು ಕಾಪಿ ಇಡಿ ಅಂದಿರಲಿಲ್ಲವೇ ಎಂದು ಕೇಳಲು ಹೊರಟವಳು ಸುಮ್ಮನಾದೆ. "ಒಂದಷ್ಟು ಜೆರಾಕ್ಸ್ ಅಂಗ್ಡೀಲಿ ಪ್ರಿಂಟ್ ಆಕ್ಸಿಟ್ಟಿದೀನಿ. ನಂಗೆ ಪರದೆ ಮೇಲೆ ಓದಿದ್ರೆ ತಲೆಗೆ ಓಗಲ್ಲ," ಎಂದರು. ಭಾನುವಾರ ಬರುತ್ತೇನೆ ಎಂದೆ.

"ನೀವ್ಯಾಕಮ್ಮ ಬರೋದು?"

"ತಪ್ಪು ನಂದು ಸರ್."

"ಬನ್ನಿ ಅಂಗಾದ್ರೆ," ಎಂದರು. ಕೋಪವೋ ಬೇಸರವೋ ಆ ದನಿಯಲ್ಲಿ ಗೊತ್ತಾಗಲಿಲ್ಲ.

ಭಾನುವಾರ ಸ್ಕೂಟರಿನಲ್ಲಿ ಕೊಡಿಗೇಹಳ್ಳಿ, ವಿದ್ಯಾರಣ್ಯಪುರ ದಾಟಿ ಜಾಲಹಳ್ಳಿ ಕಡೆಯಿಂದ ಹೋದೆ. ದಾರಿಯುದ್ದಕ್ಕೂ ಅವರು ಏನಂದರೆ ನಾನು ಏನನ್ನಬೇಕು ಎಂದು ಯೋಚಿಸುತ್ತಿದ್ದೆ. ಮನೆ ಸುಲಭವಾಗಿ ಸಿಕ್ಕಿತು. ಸುತ್ತ ಮೂರು ನಾಲ್ಕಂತಸ್ತಿನ ಬಾಡಿಗೆ ಮನೆಗಳು, ನಡುವೆ ತಗ್ಗಿನಲ್ಲಿ ಒಂದು ಹಳೆಯ ಮನೆ. ಹಿಂದುಗಡೆ ಶೀಟು ಹೊದಿಸಿದ ಜಾಗದಲ್ಲಿ ಒಂದು ಹಸು. ಅವರ ಹೆಂಡತಿ, "ಬಾ ತಾಯಿ, ಚಪ್ಲಿ ಅಲ್ಲೇ ಬಿಡು, ಒಳಗಡೆ ಈಗ್ತಾನೆ ಒರ್ಸಿದೀನಿ" ಎಂದರು.

ಅವರಿಗೆ ಅರವತ್ತೆಂಟು ವರ್ಷ. ಪಶು ಇಲಾಖೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಹೆಸರಘಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡುವುದು ಅವರ ಕೆಲಸವಾಗಿತ್ತು. ಯಾವ ಹಸುವಿಗೆ ಯಾವ ನಂಬರಿನ ಹೋರಿಯದ್ದು ಕೊಟ್ಟೆ, ಯಾವಾಗ ಕರು ಹಾಕಿತು ಎಂಬುದನ್ನೆಲ್ಲ ಇಲಾಖೆ ಕೇಳಿದ್ದಕ್ಕಿಂತ ಹೆಚ್ಚಾಗಿ, ಸ್ವಂತ ರಿಜಿಸ್ಟರುಗಳಲ್ಲಿ ಬರೆದಿಟ್ಟಿದ್ದರು. ಅಂಥವು ಇಪ್ಪತ್ತಮೂರು ರಿಜಿಸ್ಟರು, ಕಬ್ಬಿಣದ ಬೀರುವಿನಲ್ಲಿ. ಹಸುವಿಗೆ ಅದರ ಅಪ್ಪನದ್ದೋ ತಾತನದ್ದೋ ಮತ್ತೆ ಕೊಟ್ಟರೆ ಕರು ಬಲವಿಲ್ಲದ್ದಾಗುತ್ತದೆ. ಈಗಲೂ ಅಲ್ಲಿನ ರೈತರು, ಈ ಹಸುವಿಗೆ ಯಾವ ಹೋರಿಯದ್ದು ಆಗುತ್ತದೆ ಎಂದು ಇವರಿಗೆ ಫೋನ್ ಮಾಡಿ ಕೇಳುತ್ತಾರೆ. ರಿಜಿಸ್ಟರು ತಿರುವಿ ತಿರುವಿ ಸಾಕಾಗಿ, ವಿಡಿಯೋ ನೋಡಿಕೊಂಡು ಪ್ರೋಗ್ರಾಮ್ ಕಲಿತಿದ್ದರು. ಕನ್ನಡದಲ್ಲಿ ಹೆಸರಿಡಬಹುದು ಎಂಬ ಒಂದೇ ಕಾರಣಕ್ಕೆ ನಮ್ಮ ಟೂಲ್ ಹಿಡಿದಿದ್ದರು.

"ಪರದೆ ಎಲ್ಲ ನಿಮ್ ಟೂಲೇ ಮಾಡ್ಕೊಡ್ತು. ಅಸದ ಅಪ್ಪ ಯಾರು ತಾತ ಯಾರು ಅಂತ ನೋಡಿ, ಈ ಓರಿ ಆಗ್ತದೆ, ಆಗಲ್ಲ ಅಂತ ಏಳೋದು ಮಾತ್ರ ನಾನು ಬರ್ದಿದ್ದು. ಅದೇ ಓಯ್ತು," ಎಂದರು. ಅವರ ಬಾಯಲ್ಲಿ ಹಸು ಅಸವಾಗುತ್ತಿತ್ತು. ಬರೆಯುವಾಗ ಮಾತ್ರ ಒಂದು ಹಕಾರವೂ ತಪ್ಪುತ್ತಿರಲಿಲ್ಲ.

ನಾನು ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಹೇಳಿದೆ. ಎರಡು ತುಂಡಿನ ಕೊ, ಒಂದು ತುಂಡಿನ ಕೊ, ಕೀಬೋರ್ಡು, ಪರೀಕ್ಷೆ. ಪೂರ್ತಿ ಕೇಳಿಸಿಕೊಂಡು, "ಸರಿ. ಈಗ ಏನ್ ಮಾಡಣ?" ಎಂದರು.

ಪ್ರಿಂಟು ಹಾಕಿಸಿದ್ದ ಹಾಳೆಗಳು ಒಂದು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಒಂಬತ್ತು ಭಾಗಗಳಲ್ಲಿ ಆರು ಅದರಲ್ಲಿ ಸಿಕ್ಕವು, ಅಂಚಿನಲ್ಲಿ ಪೆನ್ಸಿಲಿನ ತಿದ್ದುಪಡಿಗಳ ಸಮೇತ. ಉಳಿದ ಮೂರು ಅವರ ತಲೆಯಲ್ಲಿ ಮಾತ್ರ ಇದ್ದವು. ನಾನು ಲ್ಯಾಪ್‌ಟಾಪ್ ತೆಗೆದು ಟೈಪ್ ಮಾಡಲು ಕೂತೆ. ಅವರ ಕೋಡು ನಮ್ಮ ಆಫೀಸಿನಲ್ಲಿ ಯಾರೂ ಬರೆಯುವ ಹಾಗಿರಲಿಲ್ಲ. ಒಂದೇ ಕೆಲಸ ಮತ್ತೆ ಮತ್ತೆ ಮಾಡುವಾಗ ನಾವು ಒಂದು ಸುತ್ತು ಬರೆದು ಅದನ್ನೇ ತಿರುಗಿಸುತ್ತೇವೆ. ಅವರು ಒಂದೊಂದನ್ನೂ ಬಿಡಿಸಿ ಬರೆದಿದ್ದರು. ತಾಯಿ, ಅಜ್ಜಿ, ಮುತ್ತಜ್ಜಿ, ತಂದೆ, ತಂದೆಯ ತಂದೆ, ಹೀಗೆ. ಇದನ್ನೆಲ್ಲ ಹತ್ತು ಸಾಲಿಗೆ ಇಳಿಸಬಹುದು, ಮಾಡಿಕೊಡಲೇ ಎಂದೆ.

"ಬ್ಯಾಡ. ನೀವು ಬರ್ದ್ರೆ ಅದು ನಿಮ್ದಾಗ್ತದೆ. ನಾಳೆ ಕೆಟ್ರೆ ನಾನು ನಿಮ್ ಮನೆ ಬಾಗ್ಲಿಗೆ ಬರ್ಬೇಕು. ನಂಗೆ ಅರ್ಥ ಆಗೋ ಅಂಗೇ ಇರ್ಲಿ," ಎಂದು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. "ನೀವು ಓದಿ. ನಾನು ಒಡೀತೀನಿ."

ಹಾಗಾಗಿ ನಾನು ಓದಿದೆ, ಅವರು ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಆ ಭಾನುವಾರ ಮೂರು ಭಾಗ ಮುಗಿಯಿತು. ಮುಂದಿನ ಭಾನುವಾರ ಇನ್ನು ಮೂರು. ಮಧ್ಯಾಹ್ನ ಅವರ ಹೆಂಡತಿ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ನಿಮ್ಮ ಯಜಮಾನರು ಭಾನುವಾರ ಮನೆಯಲ್ಲಿ ಒಬ್ಬರೇ ಊಟಕ್ಕೆ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ನಾನು ಒಂದು ಕ್ಷಣ ಯುರೋಪಿನವರ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಂಡೆ.

ಎರಡನೇ ಭಾನುವಾರ ಇನ್ನೊಂದು ವಿಷಯ ನಡೆಯಿತು. ಆರನೇ ಭಾಗ ಓದುತ್ತಿದ್ದೆ. ಹೋರಿಯ ನಂಬರನ್ನು ಹಸುವಿನ ಹಿರಿಯರ ನಂಬರುಗಳೊಂದಿಗೆ ಹೋಲಿಸುವ ಭಾಗ ಅದು. ತಂದೆ. ತಂದೆಯ ತಂದೆ. ಮುಂದಿನ ಸಾಲು ಮತ್ತೆ, ತಂದೆಯ ತಂದೆ. ನಾನು ನಿಲ್ಲಿಸಿದೆ. ಒಂದೇ ಥರದ ಸಾಲುಗಳನ್ನು ಬಿಡಿಸಿ ಬರೆಯುವಾಗ ಮೇಲಿನದನ್ನೇ ಕಾಪಿ ಮಾಡಿ ಒಂದು ಪದ ಬದಲಿಸಲು ಮರೆಯುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ತಪ್ಪು.

"ಸರ್, ಇದು ತಾಯಿಯ ತಂದೆ ಇರ್ಬೇಕಲ್ವಾ?"

ಅವರು ಹಾಳೆ ಈಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು. ಎದ್ದು ಬೀರುವಿನಿಂದ ಒಂದು ನೋಟ್‌ಬುಕ್ ತಂದರು. ಪ್ರೋಗ್ರಾಮ್ ನೋಡಿ ಯಾರ್ಯಾರಿಗೆ ಏನು ಹೇಳಿದೆ ಎಂದು ಅದರಲ್ಲಿ ಬರೆದಿದ್ದರು. ಹನ್ನೊಂದು ಹಸುಗಳು. ನಾವಿಬ್ಬರೂ ಕೂತು ಒಂದೊಂದನ್ನೂ ರಿಜಿಸ್ಟರಿನಲ್ಲಿ ಹುಡುಕಿದೆವು. ನಾನು ನಂಬರ್ ಓದುವುದು, ಅವರು ಬೆರಳಿಟ್ಟು ಹಿಂದಕ್ಕೆ ಹೋಗುವುದು. ಹತ್ತು ಸರಿಯಿದ್ದವು. ಎಂಟನೆಯದು ತಪ್ಪು. ಹೆಸರಘಟ್ಟದ ಕೆರೆಯ ಆಚೆ ಬದಿಯ ಒಂದು ಹಳ್ಳಿಯ ಹಸುವಿಗೆ ಅದರ ತಾಯಿಯ ತಂದೆಯದ್ದೇ ಆಗುತ್ತದೆ ಎಂದು ಹೇಳಿಬಿಟ್ಟಿದ್ದರು.

ರಿಜಿಸ್ಟರ್ ಮುಚ್ಚುವ ಮೊದಲೇ ಅವರು ಫೋನ್ ಕೈಗೆತ್ತಿಕೊಂಡರು. ನನ್ನ ಮುಂದೆಯೇ ಮಾತಾಡಿದರು.

"ಏನಪ್ಪಾ, ಮನೇಲಿದೀಯಾ? ನೋಡು, ನಾನ್ ನಿಂಗೆ ಆ ಓರಿ ನಂಬ್ರ ಏಳಿದ್ನಲ್ಲ, ಅದು ತಪ್ಪು. ನಂದೇ ತಪ್ಪು. ಅದು ಆ ಅಸದ ತಾತ. ... ಆಕ್ಸಾಯ್ತಾ? ಎಷ್ಟ್ ದಿನ ಆಯ್ತು? ... ನಿಂತದಾ? ... ಸರಿ. ಕರ ಉಟ್ಟೋ ಟೈಮ್ಗೆ ನಾನೇ ಬರ್ತೀನಿ. ಎಣ್ಣುಗರ ಆದ್ರೆ ಮುಂದಕ್ಕೆ ನಾನ್ ಏಳಿದ್ ಬಿಟ್ಟು ಬೇರೇದು ಆಕ್ಸ್ಬೇಡ. ... ಇಲ್ಲಪ್ಪ, ಕಂಪ್ಯೂಟ್ರು ತಪ್ಪು ಏಳಲಿಲ್ಲ. ನಾನ್ ಬರ್ದಿದ್ದೇ ತಪ್ಪು."

ಫೋನ್ ಇಟ್ಟು ನೋಟ್‌ಬುಕ್ಕಿನಲ್ಲಿ ಆ ಸಾಲನ್ನು ಹೊಡೆದುಹಾಕಿದರು. "ಎರಡು ತಿಂಗ್ಳು ಗಬ್ಬ," ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು, "ಓದಿ, ತಾಯಿಯ ತಂದೆ. ಮುಂದಕ್ಕೆ?" ಎಂದರು.

ಮನೆಗೆ ವಾಪಸು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಬಿಡುಗಡೆಯ ಜೊತೆ ಹಾಕಿದ್ದ ಟಿಪ್ಪಣಿ ತೆರೆದದ್ದು. ಅಪರೂಪದ ಸಂದರ್ಭ, ಸಾಧ್ಯತೆ ಇತ್ತು, ಸರಿಪಡಿಸಲಾಗಿದೆ. ಅದರಲ್ಲಿ ಯಾರು ಮಾಡಿದ್ದು ಎಂದು ಎಲ್ಲೂ ಇರಲಿಲ್ಲ. ಅದನ್ನು ಅಳಿಸಿ ಹೀಗೆ ಬರೆದೆ: "ಹಿಂದಿನ ಆವೃತ್ತಿಯಲ್ಲಿ ನಾನು ಸೇರಿಸಿದ ಒಂದು ಬದಲಾವಣೆ, ಕನ್ನಡ ಮತ್ತು ಅಂಥದೇ ಕೆಲವು ಲಿಪಿಗಳಲ್ಲಿ ಗುರುತು ಹಾಕಿದವರ ಕೈಬರಹವನ್ನು ಅಳಿಸಿದೆ. ನಾನು ಅದನ್ನು ಯಾರಿಗೂ ತೋರಿಸದೆ ಸೇರಿಸಿದ್ದೆ. ನಿಮ್ಮದೂ ಹೋಗಿದ್ದರೆ ನನಗೆ ಬರೆಯಿರಿ, ಹುಡುಕಲು ಜೊತೆಗಿರುತ್ತೇನೆ." ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿದೆ. ಇಬ್ಬರು ಬರೆದರು. ಒಬ್ಬರು ತಮಿಳಿನವರು, ಅವರ ಬಳಿ ಕಾಪಿ ಇತ್ತು. ಇನ್ನೊಬ್ಬರು ಮಲಯಾಳದವರು, ಅವರಿಗೆ ಹೋದದ್ದು ಒಂದು ದಿನದ ಕೆಲಸ. ಎರಡು ಸಂಜೆ ಫೋನಿನಲ್ಲಿ ಅವರ ಜೊತೆ ಕೂತೆ.

ಆಮೇಲೆ ಯಜಮಾನರ ಜೊತೆ ನನ್ನ ಮೊದಲ ಜಗಳ. ಕೈಬರಹದ ಯಾವುದಾದರೂ ಭಾಗಕ್ಕೆ ಜಾಗ ಸಿಗದೆ ಹೋದರೆ ಟೂಲ್ ನಿಂತು ಕೇಳಬೇಕು, ಹಳೆಯ ಫೈಲಿನ ಕಾಪಿ ತೆಗೆದಿಡಬೇಕು ಎಂದು ನಾನು ಬರೆದೆ. ಟೂಲ್ ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕು ಎಂಬುದು ಅವರ ಮತ. ಎಷ್ಟೋ ಕಡೆ ಅದು ತನ್ನಷ್ಟಕ್ಕೆ ಓಡುತ್ತದೆ, ಮುಂದೆ ಯಾರೂ ಕೂತಿರುವುದಿಲ್ಲ, ನಿಂತು ಕೇಳಿದರೆ ಉತ್ತರ ಕೊಡುವವರು ಯಾರು ಎಂದರು. ಅದೂ ಸರಿಯೇ. ನಾನು ಬಾಗಲಗುಂಟೆಯ ಕಥೆ ಬರೆದೆ. ಒಬ್ಬ ಬಳಕೆದಾರನಿಗಾಗಿ ಎಲ್ಲರನ್ನೂ ತಡೆಯುವುದೇ ಎಂದು ಕೇಳಿದರು. ಮೂರು ವಾರ ಹೀಗೆ ನಡೆಯಿತು. ಒಂದು ಬೆಳಗ್ಗೆ ಸಿಟ್ಟಿನಲ್ಲಿ ಕೀಲಿ ವಾಪಸು ಕೊಡುತ್ತೇನೆ ಎಂದು ಬರೆದು, ಕಳಿಸದೆ ಅಳಿಸಿದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಕಾಪಿ ಯಾವಾಗಲೂ ಇಡುವುದು, ಮುಂದೆ ಮನುಷ್ಯರು ಕೂತಿದ್ದರೆ ಮಾತ್ರ ಕೇಳುವುದು. ಇನ್ನೊಂದನ್ನು ನಾನೇ ಕೇಳಿಕೊಂಡು ಸೇರಿಸಿದೆ: ನನ್ನ ಬದಲಾವಣೆಯೂ ಇನ್ನು ಮುಂದೆ ಮತ್ತೊಬ್ಬರು ನೋಡದೆ ಒಳಗೆ ಹೋಗಬಾರದು.

ಆ ಜಗಳ ನಡೆಯುತ್ತಿದ್ದಾಗಲೇ, ಮೂರನೇ ಭಾನುವಾರ, ಬಾಗಲಗುಂಟೆಯಲ್ಲಿ ಉಳಿದ ಮೂರು ಭಾಗ ಮುಗಿಯಿತು. ತಲೆಯಲ್ಲಿದ್ದದ್ದನ್ನು ಅವರು ಜೋರಾಗಿ ಹೇಳಿಕೊಳ್ಳುತ್ತ ಬರೆದರು, ನಾನು ಪ್ರಶ್ನೆ ಕೇಳಿದೆ ಅಷ್ಟೇ. ಹೋಗುವ ಮುಂಚೆ ದಿನಾ ಕಾಪಿ ಆಗುವ ಹಾಗೆ ಮಾಡಿಕೊಟ್ಟೆ. ಅದರ ಮೇಲೂ ಅವರು ಎಲ್ಲವನ್ನೂ ಪ್ರಿಂಟ್ ಹಾಕಿಸಿದರು. ಇದನ್ನೆಲ್ಲ ಎಐಗೆ ಹೇಳಿ ಬರೆಸಬಹುದಿತ್ತಲ್ಲ ಎಂದು ಆಫೀಸಿನಲ್ಲಿ ಒಬ್ಬರು ಅಂದಿದ್ದನ್ನು ಅವರಿಗೆ ಹೇಳಿದೆ. "ನಾನೂ ಕೇಳ್ದೆ ಕಣಮ್ಮ. ಚೆನ್ನಾಗೇ ಬರ್ಕೊಡ್ತು. ಆದ್ರೆ ಅದು ಸರಿಯೋ ತಪ್ಪೋ ಅಂತ ನೋಡೋನು ನಾನೇ ಅಲ್ವಾ? ಅದ್ಕೆ ನಂಗೆ ತಿಳೀಬೇಕಲ್ಲ," ಎಂದರು.

ಕೆರೆಯಾಚೆಯ ಹಸು ಏಳು ತಿಂಗಳ ಮೇಲೆ ಕರು ಹಾಕಿತು. ಹೆಣ್ಣುಗರು. ಅವರು ಹೋಗಿ ನೋಡಿ ಬಂದು ಫೋನ್ ಮಾಡಿದರು. ಕರು ಸ್ವಲ್ಪ ಸಣ್ಣದು, ಆದರೆ ಹುಟ್ಟಿದ ಅರ್ಧ ಗಂಟೆಗೆ ಎದ್ದು ನಿಂತು ಹಾಲು ಕುಡಿಯಿತಂತೆ. "ಈ ಸಲ ಬಚಾವಾದ್ವಿ" ಎಂದರು.

ಈ ವರ್ಷದ ಶುರುವಿನಲ್ಲಿ ಯಜಮಾನರು ನನಗೊಂದು ಬದಲಾವಣೆ ಪರಿಶೀಲನೆಗೆ ಕಳಿಸಿದರು. ಹೊಸಬರೊಬ್ಬರಿಂದ ಬಂದಿದೆ, ಕನ್ನಡದ್ದು, ನನಗೆ ತಿಳಿಯುವುದಿಲ್ಲ ಎಂದಿದ್ದರು. ತೆರೆದೆ. ಫೈಲ್ ಅಳಿಸುವ ಮುಂಚೆ ಟೂಲ್ ಕೇಳುವ ಪ್ರಶ್ನೆಯ ಕನ್ನಡ ರೂಪವನ್ನು ನಾನು ಹೀಗೆ ಬರೆದಿದ್ದೆ: "ಅಸ್ತಿತ್ವದಲ್ಲಿರುವ ಕಡತವು ಬದಲಾಯಿಸಲ್ಪಡುತ್ತದೆ. ಮುಂದುವರಿಯಲು ಬಯಸುವಿರಾ?" ಅದನ್ನು ಹೊಡೆದು ಹಾಕಿ ಕೆಳಗೆ ಹೀಗೆ ಬರೆದಿದ್ದರು: "ನೀವು ಬರೆದದ್ದು ಅಳಿಸಿಹೋಗುತ್ತದೆ. ಹೋಗಲಾ, ಬೇಡವಾ?" ಬದಲಾವಣೆಯ ಕಾರಣ ಎಂಬ ಜಾಗದಲ್ಲಿ ಒಂದೇ ಸಾಲು ಇತ್ತು. "ಮೊದಲಿನದು ಓದಿದರೆ ಭಯವಾಗುವುದಿಲ್ಲ, ಭಯವಾಗಬೇಕು."

ನನ್ನ ಕನ್ನಡವನ್ನು ಇನ್ನೊಬ್ಬರು ತಿದ್ದಿದ್ದು ಮೊದಲು ಸ್ವಲ್ಪ ಚುಚ್ಚಿತು. ಎರಡು ಸಲ ಓದಿದೆ. "ಹೋಗಲಾ" ಎಂದರೆ ಯಾರು ಹೋಗುವುದು ಎಂದು ಸ್ಪಷ್ಟವಿಲ್ಲ, "ಅಳಿಸಲಾ" ಎಂದು ಮಾಡಬಹುದೇ ಎಂದು ಬರೆದೆ. ಹತ್ತು ನಿಮಿಷದಲ್ಲಿ ತಿದ್ದಿ ಕಳಿಸಿದರು. ಒಪ್ಪಿಗೆ ಒತ್ತಿದೆ. ಕೊಡುಗೆ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರಿಗಿಂತ ಬಹಳ ಕೆಳಗೆ ಅವರದೂ ಸೇರಿತು. ಸಂಜೆ ಬಾಗಲಗುಂಟೆಯಿಂದ ಅವರದೇ ಫೋನ್ ಬಂತು.

"ಒಳಗೆ ಓಯ್ತಾ ತಾಯಿ?"

"ಹೋಯ್ತು ಸರ್. ಮುಂದಿನ ತಿಂಗಳು ಬಿಡುಗಡೆ."

"ಅಂದ್ರೆ ಇನ್ಮೇಲೆ ಯಾರೇ ಕನ್ನಡದಲ್ಲಿ ಓಡ್ಸಿದ್ರೂ ನಾನ್ ಬರ್ದಿರೋ ಮಾತೇ ಕೇಳ್ತದಾ?"

"ನೀವು ಬರೆದಿದ್ದೇ ಕೇಳುತ್ತೆ."

"ಸರಿ, ಆಲು ಕರಿಯೋ ಒತ್ತಾಯ್ತು. ಇಡ್ತೀನಿ," ಎಂದರು.